ಗಡಿಗ್ಯಾಗಿನ ರೊಕ್ಕ ಯಾರದು?

2025ರ ಬ್ಯಾಸಗ್ಯಾಗ ನಮ್ಮ ತಂಗಿ ಮಗ ಒಂದ ದಿನ ಮಧ್ಯಾಹ್ನ ಬಂದ. ನಾನು ಅಕ್ಕಿ ಹಸನ ಮಾಡ್ಕೋತ ಕೂತಿದ್ದೆ. ಮೊರದ ಬಾಜೂಕ ಒಂದು ವಹಿ ಇಟ್ಟು, "ಮೌಶಿ, ಎಲ್ಲಾರೂ ನಾ ಜೂಜಾಡೀನಿ ಅಂತಾರ. ನಾ ಜೂಜಾಡಿಲ್ಲ, ಲೆಕ್ಕಾ ಮಾಡೀನಿ. ಬೇಕಾದ್ರ ನೀನ ನೋಡು" ಅಂದ.

ಫೋನಿನ್ಯಾಗ ರೊಕ್ಕ ಹಚ್ಚಿ ಪೋಕರ್ ಅನ್ನೋ ಇಸ್ಪೀಟ ಆಟ ಆಡಿ ಆಡಿ ಒಂದ ವರ್ಷದಾಗ 86,000 ರೂಪಾಯಿ ಕಳಕೊಂಡಿದ್ದ. ಅದರಾಗ 40,000 ಗೆಳ್ಯಾರ ಕಡೆ ತಂದ ಸಾಲ. ಅವರವ್ವಗ ಗೊತ್ತಾಗಿ ಮನ್ಯಾಗ ಎರಡ ದಿನ ಒಲಿ ಹತ್ತಿರಲಿಲ್ಲ. ಈಗ ನನ್ನ ಕಡೆ ಬಂದಿದ್ದು ಯಾಕಂದ್ರ, ಆ ತಿಂಗಳ ಭಿಶಿ ರೊಕ್ಕ ನನಗ ಬರೋದಿತ್ತು. "20,000 ಕೊಡು ಮೌಶಿ, ಹೋದದ್ದೆಲ್ಲಾ ತಿರುಗಿ ತರ್ತೀನಿ" ಅಂದ. ನಾ ಸುಮ್ಮನ ಅವನ ಮಾರಿ ನೋಡ್ಕೋತ ಕೂತೆ. ಆವಾಗ ಅವನ ಮತ್ತ ಅಂದ: "ನಳ ಮಹಾರಾಜ ಮೊದಲ ಎಲ್ಲಾ ಸೋತಿದ್ದಿಲ್ಲೇನು? ಲೆಕ್ಕಾ ಕಲ್ತ ಮ್ಯಾಲೆ ರಾಜ್ಯ ತಿರುಗಿ ಗೆದ್ದಿಲ್ಲೇನು?"

(ಅವನ ಕಡೆ ಹೂಂ ಅನ್ನಿಸಿಕೊಂಡ ಮ್ಯಾಲೆನ ಇದನ್ನ ಬರೀಲಿಕತ್ತೀನಿ. ಯಾವ ತಂಗಿ, ಯಾವ ಮಗ ಅಂತ ಗೊತ್ತಿದ್ದವರು ಗೊತ್ತಿಲ್ಲದವರಂಗ ಇರ್ರಿ.)

ವಹಿ ತಗದು ನೋಡಿದ್ರ ಪ್ರತಿ ಹಾಳಿ ಮ್ಯಾಲೂ 'ಪಾಟ್ ಆಡ್ಸ್' ಅಂತ ಬರದಿದ್ದ. ಏನೋ ತಮ್ಮಾ ಇದು ಅಂತ ಕೇಳಿದೆ. ಪಾಟ್ ಅಂದ್ರ ಗಡಿಗಿ. ಆಡೋರು ಎಲ್ಲಾರೂ ಹಾಕಿ ನಡುವ ಕೂಡಿದ ರೊಕ್ಕಕ್ಕ ಆ ಹೆಸರು. ಆ ಗಡಿಗ್ಯಾಗ ಎಷ್ಟ ಅದ, ಆಟದಾಗ ಉಳೀಲಿಕ್ಕೆ ನಾ ಈಗ ಎಷ್ಟ ಹಾಕಬೇಕು, ಇವೆರಡರ ಪ್ರಮಾಣಕ್ಕ ಪಾಟ್ ಆಡ್ಸ್ ಅಂತಾರ. ನಾ ಪಿಯುಸಿ ತನಕಾ ಓದಿದಾಕಿ, ಲೆಕ್ಕದ ಅಂಜಿಕಿ ಇಲ್ಲ. "ಎರಡ ದಿನ ವಹಿ ನನ್ನ ಕಡೆ ಇರಲಿ, ಆಮ್ಯಾಲೆ ಹೇಳ್ತೀನಿ" ಅಂತ ಅವನ್ನ ಕಳಿಸಿದೆ. ಆ ಎರಡ ದಿನದಾಗ, ಆಮ್ಯಾಲೂ, ಇದರ ಬಗ್ಗೆ ಸಿಕ್ಕಷ್ಟು ಓದಿದೆ. ಓದಿದ್ದನ್ನ ನಿಮಗೂ ಹೇಳಬೇಕು ಅನ್ನಿಸ್ತು. ಯಾಕಂದ್ರ ಫೋನು ಎಲ್ಲಾರ ಮನ್ಯಾಗೂ ಅದ, ಹುಡುಗ್ರೂ ಎಲ್ಲಾರ ಮನ್ಯಾಗೂ ಇದ್ದಾರ.

ಈ ಲೆಕ್ಕದ ಬೇರು ಪೋಕರ್‌ಕ್ಕಿಂತ ಭಾಳ ಹಳೇದು. 1494ರಾಗ ಇಟಲಿಯ ವೆನಿಸ್ ಪಟ್ಟಣದಾಗ ಲೂಕಾ ಪಾಚೋಲಿ ಅನ್ನೋ ಕ್ರೈಸ್ತ ಸನ್ಯಾಸಿ ಗಣಿತದ ಒಂದು ದೊಡ್ಡ ಪುಸ್ತಕ ಅಚ್ಚು ಹಾಕಿಸಿದ. ವ್ಯಾಪಾರಸ್ಥರು ಜಮಾ-ಖರ್ಚು ಎರಡೂ ಕಡೆ ಬರಿಯೋ ಪದ್ಧತಿ ವಿವರಿಸಿದ್ದಕ್ಕ ಆ ಪುಸ್ತಕ ಹೆಸರುವಾಸಿ. ಅದರಾಗ ಒಂದು ಕಗ್ಗಂಟಿನ ಪ್ರಶ್ನಿ ಇತ್ತು. ಎರಡು ತಂಡ ಪಣ ಕಟ್ಟಿ ಚೆಂಡಾಟ ಆಡ್ತಾವ. ಒಂದ ಸುತ್ತು ಗೆದ್ರ 10 ಅಂಕ, ಮೊದಲ 60 ಮುಟ್ಟಿದವರಿಗೆ ಪಣದ ರೊಕ್ಕ. ಒಂದ ತಂಡ 50, ಇನ್ನೊಂದು 20 ಇದ್ದಾಗ ಆಟ ನಿಂತು ಹೋಗ್ತದ. ನಡುವ ಇಟ್ಟ ರೊಕ್ಕ ಹೆಂಗ ಹಂಚಬೇಕು?

ಪಾಚೋಲಿ ಹೇಳಿದ್ದು ಸರಳ ಇತ್ತು: 50 ಗಳಿಸಿದವರಿಗೆ 5 ಪಾಲು, 20 ಗಳಿಸಿದವರಿಗೆ 2 ಪಾಲು. ದುಡದಷ್ಟು ಕೂಲಿ ಇದ್ದಂಗ. ನಾವೂ ಹಂಗ ಹೇಳ್ತಿದ್ವಿ, ಅಲ್ಲ?

ಆದ್ರ 1556ರಾಗ ತಾರ್ತಾಲಿಯಾ ಅನ್ನೋ ಇನ್ನೊಬ್ಬ ಇಟಲಿಯ ಗಣಿತಜ್ಞ ತಕರಾರು ತಗದ. ಒಂದ ಸುತ್ತು ಆಡಿದ ಕೂಡ್ಲೆ, 10ಕ್ಕ ಸೊನ್ನಿ ಇದ್ದಾಗ ಆಟ ನಿಂತ್ರ? ಪಾಚೋಲಿ ಲೆಕ್ಕದಂತ ಮೊದಲನೇ ತಂಡಕ್ಕ ಪೂರ್ತಿ ರೊಕ್ಕ, ಎರಡನೇದಕ್ಕ ಬಿಡಿಗಾಸಿಲ್ಲ. ಇನ್ನೂ ಆರು ಸುತ್ತು ಗೆಲ್ಲೋ ಆಟದಾಗ ಇದು ಯಾವ ನ್ಯಾಯ? ಇದು ಲೆಕ್ಕದವರಿಗಿಂತ ನ್ಯಾಯಾಧೀಶರು ಬಗಿಹರಿಸೋ ವಿಷಯ ಅಂತ ಅವ ಕೈ ತೊಳಕೊಂಡ.

ಅದ ಕಾಲದಾಗ ಮಿಲಾನ್ ಕಡೆ ಜೆರೋಲಮೋ ಕಾರ್ಡಾನೋ ಅನ್ನೋ ವೈದ್ಯ ಇದ್ದ. ಜೂಜಿನ ಚಟ ಎಷ್ಟಿತ್ತಂದ್ರ ಹೆಂಡತಿ ಒಡವಿ, ಮನಿ ಸಾಮಾನು ಒತ್ತಿ ಇಟ್ಟಿದ್ದ. ದಾಳ ಉರುಳಿದ್ರ ಯಾವ ಅಂಕಿ ಎಷ್ಟು ರೀತಿಲೆ ಬೀಳ್ತದ ಅಂತ ಎಣಿಸಿ ಒಂದು ಪುಸ್ತಕ ಬರದ. ಅವ 1576ರಾಗ ತೀರಿಕೊಂಡ. ಪುಸ್ತಕ ಅಚ್ಚಾಗಿದ್ದು 1663ರಾಗ. ಜೂಜಿನ ಪುಸ್ತಕ ಬರದವನ, ಆಡದೇ ಇರೋದರಾಗಿನ ಲಾಭದ ಮಾತೂ ಅದರಾಗ ಸೇರಿಸ್ಯಾನ. ಅನುಭವಸ್ಥ ನೋಡ್ರಿ.

ಗಂಟು ಬಿಚ್ಚಿದ್ದು ಫ್ರಾನ್ಸಿನ್ಯಾಗ, 1654ರಾಗ. ಶೆವಾಲಿಯೆ ದ ಮೇರೆ ಅಂತ ಹೆಸರಾಗಿದ್ದ ಒಬ್ಬ ಶೋಕಿ ಮನಷ್ಯಾ ಈ ಹಂಚಿಕಿ ಪ್ರಶ್ನಿನ ಬ್ಲೇಜ್ ಪಾಸ್ಕಲ್‌ಗ ಕೇಳಿದ. ಪಾಸ್ಕಲ್‌ಗ ಆಗ 31 ವರ್ಷ, ಪ್ಯಾರಿಸ್‌ದಾಗ ಇದ್ದ. ದೂರದ ತುಲೂಸ್ ಊರಾಗ ನ್ಯಾಯಾಲಯದ ಕೆಲಸ ಮಾಡ್ಕೋತ ಬಿಡುವಿನ್ಯಾಗ ಗಣಿತ ಮಾಡ್ತಿದ್ದ ಪಿಯೆರ್ ದ ಫೆರ್ಮಾಗ ಅವ ಕಾಗದ ಬರದ. ಆ ಬ್ಯಾಸಗಿಯಿಂದ ಇಬ್ಬರ ನಡುವ ಓಡಾಡಿದ ಕಾಗದಗಳಿಂದನ ಸಂಭಾವ್ಯತಾ ಗಣಿತ ಹುಟ್ಟಿತು ಅಂತಾರ. ಇವತ್ತಿನ ವಿಮಾ ಕಂಪನಿ ಲೆಕ್ಕ, ಮಳಿ ಬರೋ ಸಾಧ್ಯತೆ ಇಷ್ಟು ಅನ್ನೋ ಹವಾಮಾನದ ಲೆಕ್ಕ, ಎಲ್ಲಾ ಅದರ ಮಕ್ಕಳು ಮೊಮ್ಮಕ್ಕಳ.

ಪಾಸ್ಕಲ್ ಕೊಟ್ಟ ಉದಾಹರಣಿ ಹಿಂಗದ. ಇಬ್ಬರು ತಲಾ 32 ಚಿನ್ನದ ನಾಣ್ಯ ಹಾಕ್ಯಾರ. ನಡುವ 64. ಮೊದಲ ಮೂರು ಸಲ ಗೆದ್ದವಗ ಎಲ್ಲಾ. ಮೊದಲನೇದವ ಎರಡು ಗೆದ್ದಾನ, ಎರಡನೇದವ ಒಂದು. ಈಗ ಆಟ ಬಿಟ್ಟು ಏಳಬೇಕು.

ಪಾಚೋಲಿ ಆಗಿದ್ರ ಎರಡಕ್ಕ ಒಂದು ಅಂತ ಹಂಚ್ತಿದ್ದ. ಪಾಸ್ಕಲ್ ಹಿಂದ ನೋಡಲಿಲ್ಲ, ಮುಂದ ನೋಡಿದ. ಇನ್ನೊಂದ ಸಲ ಆಡಿದ್ರ ಏನಾಗ್ತದ? ಮೊದಲನೇದವ ಗೆದ್ರ 64 ಪೂರ್ತಿ ಅವಂದು. ಸೋತ್ರ ಇಬ್ಬರೂ ಎರಡೆರಡು ಗೆದ್ದಂಗ ಆಗಿ ತಲಾ 32. ಅಂದ್ರ ಗೆಲ್ಲಲಿ ಸೋಲಲಿ, 32 ಅಂತೂ ಅವಂದು ಖರೇ. ಉಳದ 32 ಅವಗೂ ಬರಬಹುದು, ಇವಗೂ ಬರಬಹುದು, ಸಮ-ಸಮ. ಅದನ್ನ ಅರ್ಧಾ ಮಾಡ್ರಿ, 16. ಒಟ್ಟ ಅವಗ 48, ಇವಗ 16. ಫೆರ್ಮಾ ಬ್ಯಾರೆ ದಾರಿ ಹಿಡದ. ಹೆಚ್ಚಂದ್ರ ಇನ್ನೆರಡು ಆಟದಾಗ ಮುಗೀತದ. ಎರಡು ಆಟ ನಾಲ್ಕು ರೀತಿಲೆ ಆಗಬಹುದು. ಅದರಾಗ ಮೂರು ರೀತಿ ಮೊದಲನೇದವಂದು, ಒಂದು ರೀತಿ ಎರಡನೇದವಂದು. ಮೂರಕ್ಕ ಒಂದು, ಅಂದ್ರ 48ಕ್ಕ 16. ಇಬ್ಬರ ಉತ್ತರಾನೂ ಒಂದ.

ಪಾಸ್ಕಲ್ ಇದರ ಬಗ್ಗೆ ಬರದ ಗ್ರಂಥ ಅವ ಸತ್ತ ಮ್ಯಾಲೆ 1665ರಾಗ ಹೊರಗ ಬಂತು. ಅದರಾಗಿನ ಒಂದು ವಿಚಾರ ನನ್ನ ಮನಸಿನ್ಯಾಗ ಗಟ್ಟಿ ಕೂತದ. ಆಟಕ್ಕ ಹಾಕಿದ ರೊಕ್ಕ ಹಾಕಿದವರದಾಗಿ ಉಳ್ಯೂದಿಲ್ಲ. ಅದರ ಮ್ಯಾಲಿನ ಹಕ್ಕು ಅವರು ಬಿಟ್ಟ ಕೊಟ್ಟಾರ. ಅದರ ಬದ್ಲಿ ಅವರಿಗೆ ಸಿಕ್ಕಿದ್ದು ಮುಂದ ಏನ ಬರಬಹುದೋ ಅದರ ಆಸೆ ಅಷ್ಟ. ನಾ ಇಷ್ಟ ಹಾಕೀನಿ, ನಂದು ಇಷ್ಟ ಹೋಗ್ಯದ, ಅನ್ನೋ ಮಾತಿಗೆ ಈ ಲೆಕ್ಕದಾಗ ಜಾಗಾನ ಇಲ್ಲ.

1657ರಾಗ ಡಚ್ ವಿಜ್ಞಾನಿ ಹೈಗೆನ್ಸ್ ಈ ಲೆಕ್ಕದ ಮ್ಯಾಲೆ ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಪಾಸ್ಕಲ್ ಮಾತ್ರ 1654ರ ನವೆಂಬರ್ 23ರ ರಾತ್ರಿ ಆದ ಒಂದು ದೈವಿಕ ಅನುಭವದಿಂದ ಪೂರ್ತಿ ದೇವರ ಕಡೆ ಹೊಳ್ಳಿದ.

ಪಾಸ್ಕಲ್ ಲೆಕ್ಕ ಇದ್ದದ್ದು ನಿಂತ ಆಟಕ್ಕ. ನಡದ ಆಟದಾಗೂ ಹಿಡಿಗೆ ಹಿಡಿಗೆ ಇದ ಪ್ರಶ್ನಿ ಕೇಳೋ ಆಟ ಹುಟ್ಟಿದ್ದು ಅಮೇರಿಕಾದಾಗ. ಅದ ಪೋಕರ್. ಮಿಸಿಸಿಪ್ಪಿ ಹೊಳಿ ದಂಡಿ ಮ್ಯಾಲೆ, ನ್ಯೂ ಓರ್ಲಿಯನ್ಸ್ ಬಂದರದಾಗ, ಹೊಗಿ ಬಿಟ್ಕೋತ ಓಡಾಡೋ ಹಡಗಿನ್ಯಾಗ ಅದು ಬೆಳೀತು. ಆ ಕಡೆ ಫ್ರೆಂಚರ ವಸ್ತಿ ಇತ್ತು. ಅವರ 'ಪೋಕ್' ಅನ್ನೋ ಆಟದಿಂದನ ಹೆಸರು ಬಂದಿರಬೇಕು ಅಂತಾರ. ಜೋ ಕೋವೆಲ್ ಅನ್ನೋ ಇಂಗ್ಲಿಷ್ ನಟ 1829ರಾಗ ನೋಡಿದ ಆಟದಾಗ ಬರೇ 20 ಎಲಿ ಇದ್ವು, ನಾಲ್ಕ ಮಂದಿಗೆ ಐದೈದು. 20ರಾಗ 20ನೂ ಹಂಚಿದ ಮ್ಯಾಲೆ ಹೊಸಾ ಎಲಿ ಬರೋ ಮಾತಿಲ್ಲ. ಆಮ್ಯಾಲೆ 52 ಎಲಿ ಬಂದ್ವು. ಗಡ್ಡಿಯೊಳಗ ಎಲಿ ಉಳೀಲಿಕ್ಕೆ ಹತ್ತಿದ ಮ್ಯಾಲೆನ ಮುಂದಿನ ಎಲಿ ಏನ ಬರಬಹುದು ಅನ್ನೋ ಲೆಕ್ಕಕ್ಕ ಕಿಮ್ಮತ್ತು ಬಂತು.

20ನೇ ಶತಮಾನದಾಗ ಟೆಕ್ಸಾಸ್ ಕಡೆಯಿಂದ 'ಹೋಲ್ಡೆಮ್' ಅನ್ನೋ ರೀತಿ ಹಬ್ಬಿತು. 1970ರಾಗ ಲಾಸ್ ವೇಗಾಸ್‌ದಾಗ ಅದರ ದೊಡ್ಡ ಪಂದ್ಯ ಶುರು ಆತು. ಡಾಯ್ಲ್ ಬ್ರನ್ಸನ್, ಡೇವಿಡ್ ಸ್ಕ್ಲಾನ್ಸ್ಕಿ ಅನ್ನೋ ಆಟಗಾರರು ಅನುಭವ, ಲೆಕ್ಕ ಕೂಡಿಸಿ ಪುಸ್ತಕ ಬರದ್ರು. 2003ರಾಗ ಟೆನೆಸ್ಸಿ ರಾಜ್ಯದ ಒಬ್ಬ ಸಾದಾ ಲೆಕ್ಕಪತ್ರದ ಕಾರಕೂನ, ಕ್ರಿಸ್ ಮನಿಮೇಕರ್ ಅಂತ, ಇಂಟರ್‌ನೆಟ್ಟಿನ್ಯಾಗ ಆಡಿ ಅರ್ಹತೆ ಪಡದು ಆ ಪಂದ್ಯ ಗೆದ್ದು 25 ಲಕ್ಷ ಡಾಲರ್ ಒಯ್ದ. ಜಗತ್ತಿನ ಹುಡುಗ್ರಿಗೆಲ್ಲಾ 'ನಮಗೂ ಆಗ್ತದ' ಅನ್ನಿಸಿದ್ದು ಅಲ್ಲಿಂದ. ಅವನ ಜೋಡಿ ಆ ಪಂದ್ಯದಾಗ ಇನ್ನೂ 838 ಮಂದಿ ಕೂತಿದ್ರು. ಅವರ ಹೆಸರು ನಮ್ಮ ಹುಡುಗಗ ಒಂದೂ ಬರೂದಿಲ್ಲ.

ಈಗ ಅವನ ವಹಿಯಾಗಿನ ಲೆಕ್ಕ ನೋಡೋಣ. ಹೋಲ್ಡೆಮ್‌ದಾಗ ಪ್ರತಿಯೊಬ್ಬರಿಗೆ ಎರಡ ಎಲಿ ಮುಚ್ಚಿ ಕೊಡ್ತಾರ. ನಡುವ ಎಲ್ಲಾರಿಗೂ ಸೇರಿದ್ದು ಐದು ಎಲಿ: ಮೊದಲ ಮೂರು, ಆಮ್ಯಾಲೆ ಒಂದು, ಕಡೀಕ ಒಂದು ತಗೀತಾರ. ಪ್ರತಿ ಸಲ ತಗದ ಮ್ಯಾಲೆ ರೊಕ್ಕ ಹಾಕೋ ಸರದಿ. ನನ್ನ ಕೈಯಾಗ ಎರಡು ಆಟೀನ ಅವ, ನಡುವ ತಗದ ನಾಲ್ಕರಾಗ ಎರಡು ಆಟೀನ ಅವ ಅಂತ ತಿಳೀರಿ. ಇನ್ನೊಂದ ಆಟೀನ ಬಂದ್ರ ಐದೂ ಒಂದ ಜಾತಿ ಆಗಿ ನಾ ಗೆಲ್ತೀನಿ. ಬರಲಿಲ್ಲಂದ್ರ ಸೋಲ್ತೀನಿ. ಒಂದ ಎಲಿ ಬಾಕಿ ಅದ.

ಗಡಿಗ್ಯಾಗ 300 ಇತ್ತು. ಎದುರಿನವ 100 ಹಾಕಿದ, 400 ಆತು. ನಾ ಉಳೀಬೇಕಂದ್ರ 100 ಹಾಕಬೇಕು. 100 ಹಾಕಿದ್ರ 400 ಸಿಗಬಹುದು, ಅಂದ್ರ ನಾಲ್ಕಕ್ಕ ಒಂದು. ಇದ ಪಾಟ್ ಆಡ್ಸ್. ಐದು ಸಲದಾಗ ಒಂದ ಸಲ ಗೆದ್ರ ಬಂದಷ್ಟು ಹೋದಷ್ಟು ಸರಿ ಆಗ್ತದ. 100ಕ್ಕ 20 ಸಲ ಅಂತ ಇಟಕೊಳ್ರಿ.

ಇನ್ನ ಆಟೀನ ಬರೋ ಸಾಧ್ಯತೆ ಎಷ್ಟು? 52ರಾಗ ನಾ ಕಂಡದ್ದು ಆರು ಎಲಿ. ಕಾಣದ್ದು 46. ಆಟೀನ ಒಟ್ಟ 13, ನಾಲ್ಕು ಕಂಡಾವ, ಒಂಬತ್ತು ಉಳದಾವ. 46ರಾಗ 9. ಇದು 100ಕ್ಕ 20ಕ್ಕಿಂತ ಚೂರ ಕಮ್ಮಿ, 19 ಚಿಲ್ರಿ. ಬಾಯಿಲೆಕ್ಕಕ್ಕ ಒಂದು ಯುಕ್ತಿ ಅದ: ಬೇಕಾದ ಎಲಿ ಎಷ್ಟು ಉಳದಾವೋ ಅದನ್ನ ಎರಡರಿಂದ ಗುಣಿಸಿದ್ರ ನೂರಕ್ಕ ಎಷ್ಟು ಅಂತ ಅಂದಾಜು ಸಿಗ್ತದ. ಒಂಬತ್ತೆರಡಲೆ ಹದಿನೆಂಟು.

ಇಂಥಾ ಹಿಡಿ 46 ಸಲ ಬಂದು, 9 ಸಲ ಗೆದ್ದೆ ಅನ್ರಿ. 400ರಂಗ 3,600 ಬಂತು. 37 ಸಲ ಸೋತೆ, 100ರಂಗ 3,700 ಹೋತು. ಕಡೀಕ 100 ರೂಪಾಯಿ ಹಾನಿ. ಅದ ಗಡಿಗ್ಯಾಗ 400ರ ಬದ್ಲಿ 500 ಇದ್ದಿದ್ರ 4,500 ಬಂದು 800 ಲಾಭ. ಹಂಗಾಗಿ 400 ಇದ್ದಾಗ ಎಲಿ ಕೆಳಗ ಇಡಬೇಕು, 500 ಇದ್ದಾಗ ಹಾಕಬೇಕು. ಆ ಗಡಿಗ್ಯಾಗ ಹಿಂದ ನಾ ಎಷ್ಟು ಹಾಕಿದ್ದೆ ಅನ್ನೋದು ಎಲ್ಲೂ ಬರಲಿಲ್ಲ, ನೋಡಿದ್ರ್ಯಾ? ಪಾಸ್ಕಲ್ ಮಾತ ಅದು.

ಆ ಹುಡುಗನ ಗುಣಾಕಾರ-ಭಾಗಾಕಾರ ತಪ್ಪಿರಲಿಲ್ಲ. ತಪ್ಪು ಹುಡುಕ್ಲಿಕ್ಕೆ ನನಗ ಎರಡ ದಿನ ಹಿಡೀತು.

ಮೊದಲನೇದು, ಆಡಸೋ ಕಂಪನಿ ಪ್ರತಿ ಗಡಿಗಿಯಿಂದ ತನ್ನ ಪಾಲು ಮುರಕೋತದ. ಆ ಕಲಮು ವಹಿಯಾಗ ಇರಲೇ ಇಲ್ಲ. ಉದಾಹರಣಿಗೆ ನೂರಕ್ಕ ಐದು ಅನ್ರಿ. ನಾ ಹಾಕಿದ್ದೂ ಸೇರಿ 500ರ ಗಡಿಗ್ಯಾಗ 25 ಹೋದ್ರ ನನಗ ಉಳ್ಯೋ ಲಾಭ 400 ಅಲ್ಲ, 375. ಒಂಬತ್ತು ಸಲಕ್ಕ 3,375. ಆಗ ಹಾನಿ 100 ಅಲ್ಲ, 325. ಎದುರಿನವ ಸೋತ್ರೂ ನಾ ಸೋತ್ರೂ ಆಡಸೋವ ಮಾತ್ರ ಸೋಲಂಗಿಲ್ಲ.

ಎರಡನೇದು, 46ರಾಗ 9 ಅನ್ನೋದು ಸಾವಿರ ಸಲ ಆಡಿದ್ರ ಸಮಾ ಬರೋ ಲೆಕ್ಕ. ಒಂದ ರಾತ್ರಿಗೆ ಅದು ಮಾತು ಕೊಟ್ಟಿಲ್ಲ. ಹತ್ತು ಸಲ ಸಾಲಾಗಿ ಆಟೀನ ಬರದೇ ಹೋಗೋದು ಅಂಥಾ ಅಪರೂಪ ಅಲ್ಲ. ಲೆಕ್ಕ ಸಮಾ ಆಗೋ ತನಕಾ ಕೂಡ್ರಲಿಕ್ಕೆ ರೊಕ್ಕ ಬೇಕು. ಅದು ಸಾಲದ ರೊಕ್ಕ ಆದ್ರ ಹೆಂಗ?

ಮೂರನೇದು ಅಕ್ಷರದಾಗ ಕಾಣಿಸ್ತು. ಅವ ಪ್ರತಿ ಹಾಳಿ ಮ್ಯಾಲೆ ಗಂಟಿ ಬರಕೊಂಡಿದ್ದ. ರಾತ್ರಿ ಹತ್ತು, ಹನ್ನೊಂದರ ಲೆಕ್ಕ ಮುತ್ತಿನಂಥಾ ಅಕ್ಷರ, ಗೆರಿ ಹೊಡದು ಬರದದ್ದು. ರಾತ್ರಿ ಒಂದು, ಎರಡರ ಹಾಳಿ ಮ್ಯಾಲೆ ಲೆಕ್ಕಾನ ಇಲ್ಲ. 'ಹಾಕಿದೆ' ಅಂತ ಒಂದ ಶಬ್ದ. ಕೆಳಗ ಮತ್ತ 'ಹಾಕಿದೆ'. ಅದನ್ನ ನೋಡಿ ನನಗ ಹೊಟ್ಯಾಗ ಸಂಕಟ ಆತು. ಅಷ್ಟೊತ್ತಿನ್ಯಾಗ ಆ ಕೂಸು ಒಬ್ಬನ ಕತ್ತಲಾಗ ಕೂತು ಫೋನ್ ನೋಡ್ತಿತ್ತು, ನಾವೆಲ್ಲಾ ಮಲಗಿದ್ವಿ.

ಕಡೇ ಹಾಳಿ ಮ್ಯಾಲೆ ಏನಿತ್ತು ಗೊತ್ತದ? 86,000ಕ್ಕ 20,000, ನಾಲ್ಕಕ್ಕೂ ಹೆಚ್ಚಿಗೆ ಒಂದು, ಛಲೊ ಆಡ್ಸ್, ಅಂತ ಬರದು ಕೆಳಗ ಎರಡು ಗೆರಿ ಎಳದಿದ್ದ. ಅಂದ್ರ ನನ್ನ ಭಿಶಿ ರೊಕ್ಕ 20,000 ಹಾಕಿದ್ರ ಕಳದದ್ದು 86,000 ಬರ್ತದ ಅಂತ.

ಮೂರನೇ ದಿನ ಅವ ಬಂದಾಗ ಅದ ಹಾಳಿ ತಗದು ಮುಂದ ಇಟ್ಟೆ. "ತಮ್ಮಾ, ಈ 86,000 ಎಲ್ಲಿ ಅದ?" ಅಂದೆ.

"ಹೋಗ್ಯದಲ್ಲ ಮೌಶಿ."

"ಗಡಿಗ್ಯಾಗ ಅದ ಏನು?"

ಸುಮ್ಮನಾದ.

"ನಡುವ ಇದ್ರ ಅದು ಆಡ್ಸ್. ಅದನ್ನ ಯಾರೋ ಆಗಲೇ ಎತ್ತಿಕೊಂಡು ಹೋಗಿ ಖರ್ಚೂ ಮಾಡ್ಯಾರ. ನಿನ್ನ ಮುಂದ ಇರೋದು ಖಾಲಿ ಗಡಿಗಿ. ಖಾಲಿ ಗಡಿಗಿಗೆ 20,000 ಹಾಕು ಅಂತ ನಿನ್ನ ಯಾವ ಲೆಕ್ಕಾ ಹೇಳ್ತದ? ತೋರಸು" ಅಂದೆ.

ಭಾಳ ಹೊತ್ತು ವಹಿ ನೋಡ್ಕೋತ ಕೂತ. ಅತ್ತನೋ ಇಲ್ಲೋ ನಾ ಹೇಳಂಗಿಲ್ಲ. ನಾ ರೊಕ್ಕ ಕೊಡಲಿಲ್ಲ, ಊಟ ಹಾಕಿದೆ. ಆಮ್ಯಾಲೆ ಅವನ ಜೋಡಿ ಅವರ ಮನಿಗೆ ಹೋಗಿ, ಅವರವ್ವನ ಮುಂದ ಕೂತು, ಗೆಳ್ಯಾರ 40,000 ತಿಂಗಳಿಗೆ 4,000ರಂಗ ಹತ್ತು ತಿಂಗಳದಾಗ ಪಗಾರದಿಂದ ತೀರ್ಸೋದು ಅಂತ ಬರದ್ವಿ. ಉಳದ 46,000 ಹೋತು ಅಂತ ತಂಗಿ ಒಪ್ಪಿಕೊಂಡ್ಲು. ಆ ಒಪ್ಪಿಕೊಳ್ಳೋದು ಎಲ್ಲಕ್ಕಿಂತ ಕಠಿಣ ಇತ್ತು. ಹೋದದ್ದನ್ನ ಹೋತು ಅನ್ನಲಿಕ್ಕೆ ಯಾರಿಗೂ ಮನಸ ಬರೂದಿಲ್ಲ. ಕೆಟ್ಟ ಮಿಕ್ಸರ್‌ಗೆ ಇಷ್ಟು ಹಾಕೇವಿ ಅಂತ ನಾವೂ ಮತ್ತ ಮತ್ತ ರಿಪೇರಿ ಮಾಡ್ಸ್ತೀವಲ್ಲ, ಹಂಗ.

ಅದ ವರ್ಷ ಆಗಸ್ಟ್‌ದಾಗ ರೊಕ್ಕ ಹಚ್ಚಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧ ಮಾಡಿ ಪಾರ್ಲಿಮೆಂಟ್ ಕಾಯ್ದೆ ಮಾಡ್ತು. ಛಲೊ ಆತು. ಆದ್ರ ಕಾಯ್ದೆ ನಮ್ಮ ಮನಿ ಹಾಸಿಗಿ ತನಕಾ ಬಂದು ಫೋನ್ ನೋಡಂಗಿಲ್ಲ. ಮಕ್ಕಳ ಜೋಡಿ ನಾವ ಕೂತು ಮಾತಾಡಬೇಕು. ಬೈದ್ರ ಮಾತು ನಿಲ್ತದ. ಅವರ ಲೆಕ್ಕದ ವಹಿ ತಗದು ಅವರ ಭಾಷಾದಾಗನ ಕೇಳಿದ್ರ ಕಿವಿಗೆ ಬೀಳ್ತದ.

ಇನ್ನ ನಳ ಮಹಾರಾಜನ ಮಾತು. ಕನಕದಾಸರ ನಳಚರಿತ್ರೆ ನಮ್ಮ ಕಡೆ ಮನಿ ಮನಿಗೂ ಗೊತ್ತು. ಮಹಾಭಾರತದ ವನಪರ್ವದಾಗ ಆ ಕಥಿ ಬರ್ತದ. ಬಾಹುಕ ಅನ್ನೋ ಹೆಸರಿಲೆ ಸಾರಥಿ ಆಗಿದ್ದ ನಳಗ ಅಯೋಧ್ಯೆಯ ಋತುಪರ್ಣ ರಾಜ ತಾರೆ ಮರದ ಎಲಿ-ಕಾಯಿ ಒಂದ ನೋಟಕ್ಕ ಎಣಿಸಿ ತೋರಿಸ್ತಾನ, ಆಮ್ಯಾಲೆ ಅಕ್ಷಹೃದಯ ಅನ್ನೋ ದಾಳದ ವಿದ್ಯಾ ಕಲಿಸ್ತಾನ. ಹಿಂದಕ ಆ ತಾರೆಕಾಯಿನ ದಾಳಾಗಿ ಉಪಯೋಗಸ್ತಿದ್ರು. ನಾವು ತ್ರಿಫಲಾ ಚೂರ್ಣಕ್ಕ ಹಾಕ್ತೀವಲ್ಲ, ಅದ ಕಾಯಿ. ವಿದ್ಯಾ ಕಲ್ತ ನಳ ತಮ್ಮ ಪುಷ್ಕರನ ಜೋಡಿ ಒಂದ ಪಣ ಆಡಿ ಎಲ್ಲಾ ತಿರುಗಿ ಗೆದ್ದ. ಇಷ್ಟು ಖರೇ.

ಆದ್ರ ಆ ಒಂದ ಪಣಕ್ಕ ಅವ ಏನ ಹಚ್ಚಿದ್ದ? ಗಳಿಸಿದ ಸಂಪತ್ತು, ಅದರ ಜೋಡಿ ದಮಯಂತಿನ. ಕಾಡಿನ್ಯಾಗ ಬಿಟ್ಟು ಹೋದ ಹೆಂಡತಿ, ಹುಡುಕಿ ಹುಡುಕಿ ಕರಸಿಕೊಂಡಾಕಿ, ಆಕಿನ್ನ ಮತ್ತ ತಂದು ದಾಳದ ಮುಂದ ಇಟ್ಟ. ಗೆದ್ದ ಅಂತ ಕಥಿ ಸುಖಾಂತ ಆತು. ದಾಳ ಆ ಕಡೆ ಬಿದ್ದಿದ್ರ? ನಳನ ವಿದ್ಯಾ ಎಷ್ಟ ದೊಡ್ಡದಿದ್ರೂ ದಮಯಂತಿ ಅವನ ರೊಕ್ಕ ಅಲ್ಲ. ಇದನ್ನ ನಾನು ಆ ಹುಡುಗಗೂ ಹೇಳಿದೆ. ಗಡಿಗಿಗೆ ಬಿದ್ದ ಮ್ಯಾಲೆ ರೊಕ್ಕ ಯಾರದೂ ಅಲ್ಲ ಅಂತ ಪಾಸ್ಕಲ್ ಹೇಳ್ಯಾನ. ಹಂಗಾದ್ರ ಬೀಳೋ ಮೊದಲ ಅದು ಯಾರದಿತ್ತು ಅಂತ ಕೇಳಬೇಕಾಗ್ತದ. ಗೆಳ್ಯಾಂದೋ, ಅವ್ವಂದೋ, ಮೌಶಿ ಭಿಶೀದೋ?

ಏಳು ತಿಂಗಳ ಕಂತು ಕಟ್ಟ್ಯಾನ, ಇನ್ನ ಮೂರ ಉಳದಾವ. ವಹಿ ಮಾತ್ರ ತಿರುಗಿ ಒಯ್ಯಲಿಲ್ಲ. ಹಿಂದಿನ ಹಾಳಿ ಖಾಲಿ ಇದ್ವು, ಹಾಲಿನ ಲೆಕ್ಕಾ ಬರಿಯೋಕ ಇಟಕೊಂಡೀನಿ.